ಮುಂದೆ ಓದಲಾ, ಹೊರದೇಶದಲ್ಲಿ ಕೆಲಸ ಹುಡುಕಲಾ?

ಡಿಗ್ರಿಯ ಕೊನೆಯ ವರ್ಷಕ್ಕೆ ಬಂದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಮಾಸ್ಟರ್ಸ್‌ಗೆ ಅರ್ಜಿ ಹಾಕಬೇಕಾ, ಇಲ್ಲ ಹೊರದೇಶದಲ್ಲಿ ಕೆಲಸಕ್ಕೆ ಪ್ರಯತ್ನಿಸಬೇಕಾ?

ಏನು ಓದಬೇಕು, ಯಾಕೆ ಓದಬೇಕು ಅಂತ ಎರಡು ವಾಕ್ಯದಲ್ಲಿ ಹೇಳಲು ಬಂದರೆ ಓದಿ. ಬರದಿದ್ದರೆ ಮೊದಲು ಕೆಲಸ ಮಾಡಿ, ಆ ಕೆಲಸ ಹೊರದೇಶದಲ್ಲಿ ಸಿಗದಿದ್ದರೂ ಪರವಾಗಿಲ್ಲ. ಇದು ನನ್ನ ಉತ್ತರ.

ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ. ಸ್ವಲ್ಪ ಹೊತ್ತು ಮಾತಾಡಿದರೆ ಗೊತ್ತಾಗುತ್ತದೆ, ಬಹಳ ಜನರಿಗೆ ಬೇಕಾಗಿರುವುದು ಓದಲ್ಲ, ಹೊರಗೆ ಹೋಗುವ ದಾರಿ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆಗಷ್ಟೇ ಡಿಗ್ರಿ ಮುಗಿಸಿದ, ಅನುಭವ ಇಲ್ಲದ ಹುಡುಗ ಹುಡುಗಿಯರನ್ನು ಇನ್ನೊಂದು ದೇಶದ ಕಂಪನಿ ತಾನೇ ವೀಸಾ ಮಾಡಿಸಿ ಕರೆಸಿಕೊಳ್ಳುವುದು ಕಡಿಮೆ. ಹಾಗಾಗಿ ಮಾಸ್ಟರ್ಸ್ ಮಾಡಿದರೆ ಅಲ್ಲೇ ಕೆಲಸ ಸಿಗುತ್ತದೆ ಅನ್ನುವ ಲೆಕ್ಕ ಹಾಕುತ್ತಾರೆ.

ಈ ಲೆಕ್ಕಕ್ಕೆ ಆಧಾರ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಓದಿದವರಿಗೆ ಓಪಿಟಿ ಅನ್ನುವ ತಾತ್ಕಾಲಿಕ ಕೆಲಸದ ಅನುಮತಿಯ ಅಡಿಯಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24 ತಿಂಗಳು ಸಿಗಬಹುದು. ಜರ್ಮನಿಯಲ್ಲಿ ಓದು ಮುಗಿಸಿದವರು 18 ತಿಂಗಳವರೆಗೆ ಅಲ್ಲೇ ಉಳಿದು ಕೆಲಸ ಹುಡುಕಬಹುದು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೂ ಇಲ್ಲ.

ನನಗೆ ಭಯ ಇರುವುದು ಬೇರೆ ಕಡೆ. ನೀವು ಅರ್ಜಿ ಹಾಕಿದ ದಿನದ ನಿಯಮ ನೀವು ಓದು ಮುಗಿಸುವ ದಿನವೂ ಇರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಬ್ರಿಟನ್ ನೋಡಿ. ಓದಿದ ಮೇಲೆ ಎರಡು ವರ್ಷ ಉಳಿದು ಕೆಲಸ ಮಾಡುವ ವೀಸಾವನ್ನು 2012ರಲ್ಲಿ ನಿಲ್ಲಿಸಿತು. 2021ರಲ್ಲಿ ಹೊಸ ಹೆಸರಿನಲ್ಲಿ ಮತ್ತೆ ತಂದಿತು. 2025ರಲ್ಲಿ ಅದನ್ನೇ 18 ತಿಂಗಳಿಗೆ ಇಳಿಸುವ ತೀರ್ಮಾನ ಪ್ರಕಟಿಸಿತು. ಅಮೆರಿಕದ ಕಂಪನಿಗಳು ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಬಳಸುವ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿ ಇದೆ. ಅಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಇನ್ನೂ 20,000. ಅರ್ಜಿಗಳು ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತವೆ. ಎಷ್ಟು ಚೆನ್ನಾಗಿ ಓದಿದ್ದರೂ ಆಯ್ಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅದಕ್ಕೇ ಮಾಸ್ಟರ್ಸ್ ಅಂದವರಿಗೆಲ್ಲ ನಾನು ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ. ಓದು ಮುಗಿದು, ವೀಸಾ ಸಿಗದೆ ವಾಪಸ್ ಬರಬೇಕಾಯಿತು ಅಂದುಕೊಳ್ಳಿ. ಆಗಲೂ ಈ ಓದು ನನಗೆ ಬೇಕಿತ್ತು ಅನಿಸುತ್ತದಾ? ಮಾಡಿದ ಸಾಲವನ್ನು ನಿಮ್ಮ ದೇಶದ ಸಂಬಳದಲ್ಲೇ ತೀರಿಸಲು ಆಗುತ್ತದಾ? ಎರಡಕ್ಕೂ ಹೌದು ಅನ್ನುವವರು ಧೈರ್ಯವಾಗಿ ಹೋಗಲಿ. ಎರಡನೆಯದಕ್ಕೆ ಇಲ್ಲ ಅಂತ ಬಂದರೆ ದಯವಿಟ್ಟು ಒಂದು ವರ್ಷ ನಿಲ್ಲಿ. ಸಾಲ ತೀರಿಸಲೇಬೇಕು ಅನ್ನುವ ಒತ್ತಡದಲ್ಲಿ ಸಿಕ್ಕ ಯಾವುದೋ ಕೆಲಸ ಒಪ್ಪಿಕೊಂಡವರಿಗೆ, ಓದಿದ ವಿಷಯದ ಕಡೆ ತಿರುಗಿ ನೋಡಲೂ ಆಗುವುದಿಲ್ಲ. ಮನೆಯವರು ಜಾಮೀನು ನಿಂತಿದ್ದರಂತೂ ಆ ಭಾರ ಅವರ ಮೇಲೂ ಬೀಳುತ್ತದೆ.

ಪಿಎಚ್‌ಡಿ ವಿಷಯ ಬೇರೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಡಿಗ್ರಿ ಆದವರನ್ನು ನೇರವಾಗಿ ಪಿಎಚ್‌ಡಿಗೆ ತೆಗೆದುಕೊಳ್ಳುತ್ತವೆ. ಶುಲ್ಕ ಮಾಫಿ, ಜೊತೆಗೆ ಸ್ಟೈಪೆಂಡ್. ನೆದರ್ಲೆಂಡ್ಸ್, ಸ್ವೀಡನ್‌ನಂಥ ಕಡೆ ಸಾಮಾನ್ಯವಾಗಿ ಮಾಸ್ಟರ್ಸ್ ಮೊದಲು ಬೇಕು, ಆದರೆ ಪಿಎಚ್‌ಡಿ ಅಂದರೆ ಹೆಚ್ಚಾಗಿ ಸಂಬಳ ಬರುವ ನೌಕರಿಯೇ. ಸಂಶೋಧನೆಯಲ್ಲಿ ಮನಸ್ಸಿರುವವರಿಗೆ ಓದೋ ಕೆಲಸವೋ ಅನ್ನುವ ಗೊಂದಲವೇ ಅಲ್ಲಿ ಅರ್ಧ ಕರಗುತ್ತದೆ. ಗಣಿತ, ಭೌತಶಾಸ್ತ್ರದ ಸಿದ್ಧಾಂತದ ಕಡೆ ಹೋಗುವವರು ಜಾಸ್ತಿ ಕಾಯಬಾರದು ಅಂತಲೂ ನನಗೆ ಅನಿಸುತ್ತದೆ. ಬಿಟ್ಟ ಅಭ್ಯಾಸ ಮತ್ತೆ ಹತ್ತಲು ಬಹಳ ಸಮಯ ಬೇಕು. ಎಂಬಿಎ ಇದಕ್ಕೆ ಪೂರ್ತಿ ಉಲ್ಟಾ. ಹೆಸರುವಾಸಿ ಕಾಲೇಜುಗಳು ಕೆಲವು ವರ್ಷದ ಕೆಲಸದ ಅನುಭವವನ್ನೇ ನಿರೀಕ್ಷಿಸುತ್ತವೆ.

ಒಮ್ಮೆ ಸಂಬಳ ಕೈಗೆ ಬಂದರೆ ಮತ್ತೆ ಓದಲು ಮನಸ್ಸು ಬರಲ್ಲ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಕೆಲವರಿಗೆ ಹಾಗಾಗುವುದು ನಿಜ. ಹಾಗಾದರೆ ಅವರಿಗೆ ಆ ಓದು ಅಷ್ಟೇನೂ ಬೇಕಿರಲಿಲ್ಲ, ಸಾಲ ಮಾಡುವ ಮೊದಲೇ ಅದು ಗೊತ್ತಾಯಿತು. ಉಳಿದವರು ಕೆಲಸದಲ್ಲಿ ಎದುರಾದ ಒಂದು ನಿಜವಾದ ಸಮಸ್ಯೆ ಇಟ್ಟುಕೊಂಡು ಕ್ಲಾಸಿಗೆ ಹೋಗುತ್ತಾರೆ. ಯಾವ ಪ್ರೊಫೆಸರ್ ಹತ್ತಿರ ಓದಬೇಕು ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ. ಅವರು ಬರೆಯುವ ಅರ್ಜಿಯೇ ಬೇರೆ ಥರ ಇರುತ್ತದೆ.

ಕೆಲಸ ಮೊದಲು ಅಂತ ಆರಿಸಿಕೊಂಡರೂ ಕಾಲೇಜು ಬಿಡುವ ಮುನ್ನ ಒಂದೆರಡು ಕೆಲಸ ಮುಗಿಸಿಕೊಳ್ಳಿ. ನಿಮ್ಮನ್ನು ಚೆನ್ನಾಗಿ ಬಲ್ಲ ಮೇಷ್ಟ್ರನ್ನು ಈಗಲೇ ಕಂಡು ಶಿಫಾರಸು ಪತ್ರದ ವಿಷಯ ಹೇಳಿಡಿ, ನೀವು ಮಾಡಿದ ಪ್ರಾಜೆಕ್ಟ್‌ನ ಒಂದು ಪ್ರತಿ ಕೊಡಿ. ಮೂರು ವರ್ಷ ಕಳೆದ ಮೇಲೆ ಅವರಿಗೆ ನಿಮ್ಮ ಹೆಸರು ನೆನಪಿದ್ದರೂ ಕೆಲಸದ ವಿವರ ನೆನಪಿರುವುದು ಕಷ್ಟ. ಮಾಸ್ಟರ್ಸ್, ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಪರೀಕ್ಷೆಯಾದ ಜಿಆರ್‌ಇ ಅಂಕಗಳು 5 ವರ್ಷ ಚಾಲ್ತಿಯಲ್ಲಿರುತ್ತವೆ, ಓದಿನ ಲಯ ಇರುವಾಗಲೇ ಬರೆದುಬಿಡಬಹುದು. ಇಂಗ್ಲಿಷ್ ಭಾಷೆಯ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಅಂಕಗಳಿಗೆ ಇರುವುದು 2 ವರ್ಷ ಮಾತ್ರ, ಅವನ್ನು ಸುಮ್ನೆ ಈಗಲೇ ಬರೆದು ದುಡ್ಡು ಕಳೆಯಬೇಡಿ. ಸೀಟು ಆಗಲೇ ಸಿಕ್ಕಿದ್ದರೆ ಬೇಡ ಅನ್ನುವ ಮೊದಲು ಒಂದು ವರ್ಷ ಮುಂದೂಡಬಹುದಾ ಅಂತ ಇಮೇಲ್ ಮಾಡಿ ಕೇಳಿ. ಹಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ.