ಮ್ಯಾಗ್ನೆಟೋನ ಭಯ ಸುಳ್ಳಲ್ಲ
2000ನೇ ಇಸವಿಯ ‘ಎಕ್ಸ್-ಮೆನ್’ ಸಿನಿಮಾ ಮತ್ತೆ ನೋಡಿದೆ. ಮೊದಲ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 1944, ಪೋಲೆಂಡ್, ನಾಜಿಗಳ ಶಿಬಿರ. ಮಳೆ, ಕೆಸರು. ಅಪ್ಪ ಅಮ್ಮನಿಂದ ಬೇರೆಯಾದ ಹುಡುಗ ಕೈ ಚಾಚಿ ಕೂಗುತ್ತಾನೆ. ಸೈನಿಕರು ಹಿಡಿದೆಳೆಯುತ್ತಿದ್ದರೂ ಎದುರಿನ ಕಬ್ಬಿಣದ ಗೇಟು ಬಾಗುತ್ತದೆ. ಆ ಹುಡುಗನೇ ಮುಂದೆ ಲೋಹವನ್ನು ಮುಟ್ಟದೆಯೇ ಆಡಿಸುವ ಮ್ಯಾಗ್ನೆಟೋ, ಕತೆಯ ವಿಲನ್.

1963ರಲ್ಲಿ ಕಾಮಿಕ್ಸ್‌ಗೆ ಬಂದಾಗ ಅವನು ಬರೀ ಕೆಟ್ಟವನು. ಆಗ ಅಮೆರಿಕದ ಕಾಮಿಕ್ಸ್‌ಗಳಿಗೆ 1954ರ ಒಂದು ನಿಯಮಾವಳಿ ಇತ್ತು: ಪ್ರತಿ ಸಲವೂ ಒಳ್ಳೆಯದೇ ಗೆಲ್ಲಬೇಕು. ಶಿಬಿರದ ಬಾಲ್ಯ ಅವನ ಕತೆಗೆ ಸೇರಿದ್ದು 1980ರ ದಶಕದಲ್ಲಿ. ಅಲ್ಲಿಂದಾಚೆ ಅವನನ್ನು ಸುಮ್ನೆ ದ್ವೇಷಿಸೋಕೆ ಆಗುವುದಿಲ್ಲ.

ಸಿನಿಮಾದಲ್ಲಿ ಮ್ಯೂಟೆಂಟ್‌ಗಳೆಲ್ಲ, ಅಂದರೆ ಅವನ ಹಾಗೆ ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇರುವವರೆಲ್ಲ, ಹೆಸರು ನೋಂದಾಯಿಸಬೇಕು ಅನ್ನುವ ಕಾನೂನು ತರಲು ಹೊರಟಿರುತ್ತಾರೆ. ಜನರನ್ನು ಹೀಗೆ ಪಟ್ಟಿ ಮಾಡಿದರೆ ಮುಂದೆ ಏನಾಗಬಹುದು ಅಂತ ಅವನು ಕಣ್ಣಾರೆ ಕಂಡವನು. ಭಯಪಡಬಾರದು ಅಂತ ಯಾವ ಬಾಯಲ್ಲಿ ಹೇಳುವುದು?

ಆದರೆ ಮಾಮೂಲಿ ಜನರನ್ನೂ ಮ್ಯೂಟೆಂಟ್ ಮಾಡುವ ತನ್ನ ಯಂತ್ರ ನಡೆಸಲು ರೋಗ್ ಎಂಬ ಹುಡುಗಿಯನ್ನು ಬಲಿ ಕೊಡಲು ಹೊರಡುತ್ತಾನಲ್ಲ, ಅಲ್ಲಿ ನಾನು ಅವನ ಪರ ನಿಲ್ಲಲಾರೆ. ಅವನಿಗಾದ ಅನ್ಯಾಯಕ್ಕೆ ಅವಳು ಯಾಕೆ ಸಾಯಬೇಕು? ನೀನು ಅಷ್ಟು ಒಳ್ಳೆಯವನಾಗಿದ್ದರೆ ಆ ಯಂತ್ರದೊಳಗೆ ನೀನೇ ಇರುತ್ತಿದ್ದೆ ಅಂತ ಅವನ ವಿರುದ್ಧ ನಿಂತ ಮ್ಯೂಟೆಂಟ್ ವೂಲ್ವರಿನ್ ಅವನ ಮುಖಕ್ಕೇ ಹೇಳುತ್ತಾನೆ. ನನಗಂತೂ ಇಡೀ ಸಿನಿಮಾದಲ್ಲಿ ಎಲ್ಲಕ್ಕಿಂತ ಜಾಸ್ತಿ ನಾಟಿದ ಮಾತು ಅದೇ.