ಪಾಗಾದಲ್ಲಿ ಯಾರನ್ನು ಕೇಳಬೇಕು?

ಟ್ರೊಟ್ರೊ ಅಂದರೆ ಘಾನಾದ ಟೆಂಪೋ. ಬೋಲ್ಗಟಾಂಗಾದಲ್ಲಿ ಹತ್ತಿದ್ದೆ. ಒಳಗೆ ನಾವು, ಟಾಪಿನ ಮೇಲೆ ಎರಡು ಮೇಕೆ. ನವ್ರೊಂಗೊ ದಾಟಿ ಪಾಗಾ ತಲುಪುವಷ್ಟರಲ್ಲಿ ನನ್ನ ಕರಿ ಬ್ಯಾಗು ಬೂದಿ ಬಣ್ಣಕ್ಕೆ ತಿರುಗಿತ್ತು. ಫೆಬ್ರವರಿ ತಿಂಗಳು. ಸಹಾರಾ ಕಡೆಯಿಂದ ಬೀಸುವ ಹರ್ಮಟ್ಟಾನ್ ಗಾಳಿ ಇನ್ನೂ ಹೋಗಿರಲಿಲ್ಲ. ಮಧ್ಯಾಹ್ನದ ಸೂರ್ಯನೂ ಮಂಕು. ತುಟಿ ಒಡೆದು ಬಾಯಿ ತೆರೆದರೆ ಉರಿ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಅವಸ್ಥೆ ನೋಡಿ ಸೆರಗಿನ ಗಂಟಿನಿಂದ ಶಿಯಾ ಬೆಣ್ಣೆ (ಶಿಯಾ ಮರದ ಬೀಜದಿಂದ ತೆಗೆಯುವ ಜಿಡ್ಡು) ತೆಗೆದು ಬೆರಳಿಗೆ ಮೆತ್ತಿದರು. ಹಚ್ಚಿಕೋ ಅಂತ ಸನ್ನೆ.

ಪಾಗಾ ಘಾನಾದ ಉತ್ತರದ ತುದಿ. ಕಸೆನಾ-ನಂಕಾನಾ ಪಶ್ಚಿಮ ಜಿಲ್ಲೆಯ ಕೇಂದ್ರ. 2008ರಲ್ಲಿ ಹಳೆ ಜಿಲ್ಲೆ ಒಡೆದು ಮಾಡಿದ್ದು. ಜಿಲ್ಲೆ ಅಂದರೂ ನಮ್ಮ ಲೆಕ್ಕದಲ್ಲಿ ತಾಲ್ಲೂಕು ಅಂದುಕೊಳ್ಳಿ. ಊರು ಮುಗಿದಲ್ಲಿ ಬುರ್ಕಿನಾ ಫಾಸೊ ದೇಶ ಶುರು. ಆಚೆ ಶಾಲೆಯಲ್ಲಿ ಫ್ರೆಂಚ್, ಈಚೆ ಇಂಗ್ಲಿಷ್, ಮನೆಯಲ್ಲಿ ಎರಡೂ ಕಡೆ ಕಸೇಮ್. ಗಡಿ ಗೆರೆ ಎಳೆದವರು ಬ್ರಿಟಿಷರು, ಫ್ರೆಂಚರು. ನೆಂಟಸ್ತನ ಮಾತ್ರ ಗೆರೆ ನೋಡಲಿಲ್ಲ.

ನನ್ನನ್ನು ಬೈಕಿನಲ್ಲಿ ಸುತ್ತಿಸಿದ ಹುಡುಗನಿಗೆ ಮೊದಲ ದಿನವೇ ಕೇಳಿದೆ: "ಇಲ್ಲಿ ಏನಾದರೂ ಬೇಕಾದರೆ ಯಾರನ್ನು ಕೇಳಬೇಕು?" ಅವನು ನಕ್ಕ. "ಏನು ಬೇಕು ಅಂತ ಮೊದಲು ಹೇಳಿ."

ಕೈಪಂಪು ಕೆಟ್ಟರೆ ಅಸೆಂಬ್ಲಿಮನ್. ಜಿಲ್ಲಾ ಅಸೆಂಬ್ಲಿಗೆ ಗೆದ್ದು ಬಂದ ಸದಸ್ಯನನ್ನು ಹಾಗೆ ಕರೆಯುತ್ತಾರೆ. ಈ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ನಮ್ಮ ಗ್ರಾಮ ಪಂಚಾಯ್ತಿ ಥರ. ಯಾರು ಯಾವ ಪಕ್ಷ ಅಂತ ಊರಿಗೆಲ್ಲ ಗೊತ್ತು, ಅದೂ ನಮ್ಮ ಥರವೇ! ಸದಸ್ಯರಲ್ಲಿ ನೂರಕ್ಕೆ ಮೂವತ್ತರವರೆಗೆ ಸರ್ಕಾರ ನೇಮಿಸಿದವರು. ಎಲ್ಲರ ಮೇಲೆ ಕೂರುವ ಡಿಸಿಇ, ಅಂದರೆ ಜಿಲ್ಲೆಯ ಮುಖ್ಯ ಆಡಳಿತಗಾರ, ಆ ಸಾಹೇಬರ ಹೆಸರು ರಾಷ್ಟ್ರಪತಿಯಿಂದಲೇ ಬರುತ್ತದೆ, ಅಸೆಂಬ್ಲಿ ಒಪ್ಪಬೇಕು ಅಷ್ಟೇ. ರಾಜಧಾನಿ ಅಕ್ರಾದಲ್ಲಿ ಸರ್ಕಾರ ಬದಲಾದರೆ ಇಲ್ಲಿ ಕುರ್ಚಿಯೂ ಬದಲು.

ಜಗಳ ಆದರೆ ಪಿಯೋ, ಅಂದರೆ ಊರ ದೊರೆ. ದೊರೆಗಳು ಪಕ್ಷ ರಾಜಕೀಯಕ್ಕೆ ಇಳಿಯಬಾರದು ಅಂತ ಘಾನಾದ ಸಂವಿಧಾನವೇ ಹೇಳುತ್ತದೆ. ಆದರೂ ಊರಿಗೆ ಬಂದ ಅಧಿಕಾರಿ ಮೊದಲು ಅವರ ಅಂಗಳದಲ್ಲಿ ಕೂತು ಹೋಗಬೇಕು. ಇನ್ನು ಮಣ್ಣಿನ ವಿಷಯ ಬಂದರೆ ಇಬ್ಬರೂ ಸಾಲದು. ಅದಕ್ಕೆ ಭೂಮಿಯ ಪೂಜಾರಿ ಬೇರೆಯೇ ಇದ್ದಾರೆ. ಈ ಸೀಮೆಯಲ್ಲಿ ತಿಂದಾನ ಅನ್ನುತ್ತಾರೆ. ಅವರು ಭೂಮಿಗೆ ಕೋಳಿ ಕೊಟ್ಟ ಮೇಲೆ ಗುದ್ದಲಿ.

ಮೊಸಳೆ ಮುಟ್ಟೋದಕ್ಕೂ ಕೋಳಿ ಬೇಕಂತೆ. ಪಾಗಾದ ಕೊಳ ಹೆಸರಾಗಿದ್ದೇ ಈ ಮೊಸಳೆಗಳಿಂದ. ದುಡ್ಡು ಕಟ್ಟಿದೆ. ಒಬ್ಬ ಜೀವಂತ ಕೋಳಿ ಹಿಡಿದು ಶಿಳ್ಳೆ ಹಾಕಿದ. ನೀರಿನಿಂದ ಒಂದು ಎದ್ದು ಬಂದು, ದಡದಲ್ಲಿ ಬಾಯಿ ತೆರೆದು ಕೂತಿತು. ಬಾಲ ಎತ್ತಿ ನೋಡಿದೆ, ನೆಂದ ಗೋಣಿಚೀಲದ ಭಾರ. ಊರಿನ ಒಬ್ಬೊಬ್ಬರ ಜೀವ ಒಂದೊಂದು ಮೊಸಳೆಯಲ್ಲಿದೆ ಅನ್ನೋ ನಂಬಿಕೆ ಇರುವುದರಿಂದ ಯಾರೂ ಕೊಲ್ಲುವುದಿಲ್ಲ. ಕೋಳಿಯ ಪಾಡು ಮಾತ್ರ ನನಗೆ ನೋಡಲಾಗಲಿಲ್ಲ.

ರಾತ್ರಿ ಊಟಕ್ಕೆ ಟೂ ಝಾಫಿ. ಮುದ್ದೆಯೇ ಅಂತ ತಿಳೀರಿ, ಜೊತೆಗೆ ಬೆಂಡೆಕಾಯಿಯಂತೆ ಲೋಳೆ ಬಿಡುವ ಸೊಪ್ಪಿನ ಸಾರು. ಹಿಟ್ಟು ಸಜ್ಜೆಯದು. ನಾನು ಕೊಪ್ಪಳದ ಕಡೆಯವನು, ಸಜ್ಜೆ ರೊಟ್ಟಿ ತಿಂದು ಬೆಳೆದವನು. ಆ ಸಜ್ಜೆಯನ್ನು ಮನುಷ್ಯ ಮೊದಲು ಬೆಳೆದಿದ್ದು ಪಶ್ಚಿಮ ಆಫ್ರಿಕಾದ ಇದೇ ಒಣ ಪಟ್ಟಿಯಲ್ಲಿ. ಸಾವಿರಾರು ವರ್ಷದ ಹಿಂದೆಯೇ ಅದು ನಮ್ಮೂರಿಗೆ ಹೊರಟುಬಂದಿದೆ, ನಾನು ಈಗ ಬಂದೆ.

ಇಲ್ಲಿ ಮಳೆಗಾಲ ಒಂದೇ, ಮೇಯಿಂದ ಅಕ್ಟೋಬರ್. ಆಮೇಲೆ ಹೊಲ ಬೋಳು. ಮಾರ್ಚ್-ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹೋದ ವರ್ಷದ ಕಾಳು ಮುಗಿದು, ಜುಲೈನಲ್ಲಿ ಮೊದಲ ಸಜ್ಜೆ ಕೊಯ್ಯುವ ತನಕದ ದಿನಗಳೇ ಕಷ್ಟದವು. ಹಾಗಾಗಿ ಒಣಗಾಲ ಬಂದರೆ ಹುಡುಗರು ದಕ್ಷಿಣದ ದೊಡ್ಡ ಊರುಗಳಾದ ಕುಮಾಸಿ, ಅಕ್ರಾ ಬಸ್ಸು ಹತ್ತುತ್ತಾರೆ. ಹುಡುಗಿಯರು ಅಲ್ಲಿನ ಮಾರ್ಕೆಟ್‌ಗಳಲ್ಲಿ ತಲೆ ಮೇಲೆ ಹೊರೆ ಹೊರುತ್ತಾರೆ. ನಮ್ಮ ಕಡೆ ಇದಕ್ಕೆ ಗುಳೆ ಅಂತಾರೆ ಅಂದೆ. "ಗುಳೆ, ಗುಳೆ" ಅಂತ ಎರಡು ಸಲ ಹೇಳಿ ನೋಡಿದ ಹುಡುಗ. ಅವನೂ ಕುಮಾಸಿಯಲ್ಲಿ ಎರಡು ವರ್ಷ ಇದ್ದು ಬಂದವನೇ.

ಕೊನೆಯ ದಿನ ಸಿರಿಗು ಅನ್ನೋ ಊರು. ಮಣ್ಣಿನ ಮನೆಗಳು, ಗೋಡೆ ತುಂಬ ಕೆಂಪು, ಕಪ್ಪು, ಬಿಳಿ ಚಿತ್ತಾರ. ಹಾವು, ಹಸು, ಸಾಲು ಸಾಲು ತ್ರಿಕೋನ. ಬಣ್ಣವೆಲ್ಲ ಇಲ್ಲಿನ ಮಣ್ಣು, ಕಲ್ಲು ಅರೆದದ್ದು. ಮೇಲೆ ದವದವ ಮರದ ಕಾಯಿಸಿಪ್ಪೆ ಕುದಿಸಿದ ರಸ ಬಳಿಯುತ್ತಾರೆ, ಮಳೆಗೆ ಬೇಗ ತೊಳೆದುಹೋಗದಿರಲಿ ಅಂತ. ಒಬ್ಬ ಅಜ್ಜಿ ನುಣುಪು ಕಲ್ಲಿನಿಂದ ಹಸಿ ಗೋಡೆ ತೀಡುತ್ತಿದ್ದರು.

ಅವರಿಗೂ ಅದೇ ಪ್ರಶ್ನೆ ಹಾಕಿಸಿದೆ: ಯಾವ ಚಿತ್ರ ಎಲ್ಲಿ ಬರಬೇಕು ಅಂತ ಯಾರನ್ನು ಕೇಳ್ತೀರಿ? ಹುಡುಗ ಉತ್ತರ ತಂದ. "ಗೋಡೆ ಎಬ್ಬಿಸೋದು ಗಂಡಸರು. ಎದ್ದ ಮೇಲೆ ಅವರಿಗೆ ಇಲ್ಲಿ ಕೆಲಸ ಇಲ್ಲ."

ಕಲ್ಲು ನನ್ನ ಕೈಗೆ ಕೊಟ್ಟರು. ಎರಡು ಗೇಣು ತೀಡಿದೆ. ನೋಡಿದರು, ಕಲ್ಲು ವಾಪಸ್ ಇಸಿದುಕೊಂಡರು, ನಾನು ತೀಡಿದ ಜಾಗದಿಂದಲೇ ಮತ್ತೆ ಶುರು ಮಾಡಿದರು.