ಪೂರ್ವ ಸಿಯೆರಾದಲ್ಲಿ ಹಳ್ಳದ ಪಕ್ಕ ಟೆಂಟ್ ಹಾಕುವವರಿಗೆ

ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪಿಂಗ್ ಅಂದ ಕೂಡಲೇ ನಮ್ಮವರೆಲ್ಲ ಯೊಸೆಮಿಟಿ ಕಣಿವೆಗೆ ಬುಕಿಂಗ್ ಹುಡುಕುತ್ತಾರೆ. ಅಲ್ಲಿ ಜಾಗ ಸಿಗುವುದೇ ಕಷ್ಟ, ಸಿಕ್ಕರೂ ಜಾತ್ರೆ. ನಿಮಗೆ ಬೇಕಿರುವುದು ನೀರಿನ ಸದ್ದು, ಮರದ ನೆರಳು, ಒಂದಿಷ್ಟು ಸುಮ್ಮನಿರುವ ಹೊತ್ತು ಅಂತಾದರೆ ಸಿಯೆರಾ ನೆವಾಡಾ ಬೆಟ್ಟಸಾಲಿನ ಆಚೆ ಬದಿಗೆ, ಅಂದರೆ ಪೂರ್ವಕ್ಕೆ, ಹೋಗಿ. ಅಲ್ಲಿ 395ನೇ ಹೆದ್ದಾರಿ ಬೆಟ್ಟದ ಬುಡದಲ್ಲೇ ಸಾಗುತ್ತದೆ. ಲೋನ್ ಪೈನ್, ಬಿಗ್ ಪೈನ್, ಬಿಷಪ್, ಲೀ ವೈನಿಂಗ್ ಹೀಗೆ ಚಿಕ್ಕ ಚಿಕ್ಕ ಊರುಗಳು. ಹೆದ್ದಾರಿ ಬಿಟ್ಟು ಬೆಟ್ಟದ ಕಡೆ ತಿರುಗಿದರೆ ಒಂದೊಂದು ಕಣಿವೆ, ಕಣಿವೆಗೊಂದು ಹಳ್ಳ, ಹಳ್ಳದ ಪಕ್ಕ ಟಾರು ರಸ್ತೆ, ರಸ್ತೆಯುದ್ದಕ್ಕೂ ಕ್ಯಾಂಪ್‌ಗ್ರೌಂಡ್‌ಗಳು. ಹೆಚ್ಚಿನವು ಇನ್ಯೋ ನ್ಯಾಷನಲ್ ಫಾರೆಸ್ಟಿಗೆ ಸೇರಿದವು.

ನಾವು ಹೋಗಿದ್ದು ರಾಕ್ ಕ್ರೀಕ್ ಕಣಿವೆಗೆ. ನಾನು, ಹೆಂಡತಿ, ಮಗಳು, ಜೊತೆಗೆ ಅಪ್ಪ. ಬಿಷಪ್ ದಾಟಿ ಉತ್ತರಕ್ಕೆ ಬಂದರೆ ಟಾಮ್ಸ್ ಪ್ಲೇಸ್ ಅನ್ನುವ ಜಾಗ. ಅಲ್ಲಿಂದ ರಸ್ತೆ ಹಳ್ಳದ ಜೊತೆಜೊತೆಗೇ ಹತ್ತುತ್ತಾ 10,000 ಅಡಿ ದಾಟಿ ಮಸ್ಕಿಟೊ ಫ್ಲಾಟಿನಲ್ಲಿ ಮುಗಿಯುತ್ತದೆ. ಹೆಸರು ಸುಮ್ನೆ ಇಟ್ಟಿದ್ದಲ್ಲ. ಜೂನ್, ಜುಲೈನಲ್ಲಿ ಹೋದರೆ ಸೊಳ್ಳೆಗೆ ಹಚ್ಚುವ ಔಷಧಿ ಖಂಡಿತ ಇಟ್ಟುಕೊಳ್ಳಿ.

ಎತ್ತರದ ವಿಷಯ ಮೊದಲೇ ಯೋಚಿಸಬೇಕು. ಬಿಷಪ್ ಊರು 4,000 ಅಡಿ ಚಿಲ್ಲರೆ ಎತ್ತರದಲ್ಲಿದೆ. ಅಲ್ಲಿಂದ ಒಂದು ಗಂಟೆಯೊಳಗೆ 9,000 ಅಡಿಗೆ ಹೋಗಿಬಿಡಬಹುದು. ಕಾರಿಗೆ ಇದು ಸುಲಭ, ಮೈಗೆ ಅಲ್ಲ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಇವೆಲ್ಲ ಮೊದಲ ರಾತ್ರಿಯೇ ಕಾಡುತ್ತವೆ. ಅದಕ್ಕೇ ನಾವು ಮೊದಲು 7,500 ಅಡಿಯಲ್ಲಿರುವ ಫ್ರೆಂಚ್ ಕ್ಯಾಂಪಿನಲ್ಲಿ ಉಳಿದು, ಮರುದಿನ ಮೇಲಿನ ಈಸ್ಟ್ ಫೋರ್ಕ್ ಕ್ಯಾಂಪಿಗೆ ಹೋದೆವು. ಹಿರಿಯರನ್ನು ಕರೆದುಕೊಂಡು ಹೋಗುವವರು ಹೀಗೇ ಮಾಡಿ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಮೇಲೆ ಹೋದಮೇಲೆ ತಲೆನೋವು ಜಾಸ್ತಿಯಾಗುತ್ತಲೇ ಇದ್ದರೆ ಕಾಯಬೇಡಿ, ಕೆಳಗಿಳಿದುಬಿಡಿ.

ಈಗ ಜಾಗ ಆರಿಸುವ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಬುಕಿಂಗ್ ಮಾಡುವಾಗ ಎಲ್ಲರ ಕಣ್ಣೂ ನೀರಿಗೆ ಅಂಟಿಕೊಂಡ ಸೈಟ್‌ಗಳ ಮೇಲೆ. ಆದರೆ ರಾತ್ರಿ ತಣ್ಣನೆ ಗಾಳಿ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲೇ ಸೇರುತ್ತದೆ. ಕಣಿವೆಯ ಅತೀ ತಗ್ಗು ಅಂದರೆ ಹಳ್ಳವೇ ಅಲ್ವಾ? ನೀರಿನ ಪಕ್ಕದ ಟೆಂಟ್ ಬೆಳಿಗ್ಗೆ ಏಳುವಷ್ಟರಲ್ಲಿ ಒಳಗೂ ಹೊರಗೂ ಒದ್ದೆ. ಹಳ್ಳದಿಂದ ಹತ್ತಿಪ್ಪತ್ತು ಅಡಿ ಎತ್ತರಕ್ಕೆ ಇರುವ ಸಮತಟ್ಟು ಜಾಗ ಹಿಡಿಯಿರಿ. ಸದ್ದು ಅಲ್ಲಿಗೂ ಚೆನ್ನಾಗಿ ಕೇಳುತ್ತದೆ, ಚಳಿ ಮಾತ್ರ ಕಡಿಮೆ. ಪಶ್ಚಿಮಕ್ಕೆ ಎತ್ತರದ ಬೆಟ್ಟ ಇರುವುದರಿಂದ ಸಂಜೆ ಬಿಸಿಲು ಬಹಳ ಬೇಗ ಹೋಗುತ್ತದೆ. ಬಿಸಿಲು ಹೋದ ಕೂಡಲೇ ಸ್ವೆಟರ್ ಬೇಕು, ಆಗಸ್ಟಿನಲ್ಲೂ. ಮಲಗುವ ಚೀಲವನ್ನು ನೀರು ಹೆಪ್ಪುಗಟ್ಟುವ ಚಳಿಗೆ ತಡೆಯುವಂಥದ್ದೇ ತನ್ನಿ. ಕೆಳಗೆ ಹಾಸುವ ಮ್ಯಾಟ್ ಇನ್ನೂ ಮುಖ್ಯ, ಚಳಿ ನೆಲದಿಂದಲೇ ಏರುವುದು.

ಊಟ ಮುಗಿಸಿ ಕೂತಿದ್ದಾಗ ಅಪ್ಪ ಹಳ್ಳದ ಕಡೆ ಕಿವಿಕೊಟ್ಟು, "ಸಂಜೆಗಿಂತ ಸದ್ದು ಜಾಸ್ತಿ ಆಯ್ತಲ್ಲೋ, ಮೇಲೆಲ್ಲೋ ಮಳೆ ಬಂತೇನೋ?" ಅಂದರು. ಟಾರ್ಚ್ ಹಿಡಿದು ನೋಡಿದೆವು. ಮಧ್ಯಾಹ್ನ ಮಗಳು ಕಾಲು ಇಳಿಬಿಟ್ಟು ಕೂತಿದ್ದ ಚಪ್ಪಟೆ ಬಂಡೆಯ ಮೇಲೆ ನೀರು ಹರಿಯುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಇದು ಮಳೆ ನೀರಲ್ಲ, ಹಿಮದ ನೀರು. ಹಗಲು ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ, ಆ ನೀರು ಕೆಳಗೆ ಬಂದು ಮುಟ್ಟಲು ಕೆಲವು ಗಂಟೆ ಬೇಕು. ಹಾಗಾಗಿ ಹಿಮ ಕರಗುವ ಕಾಲದಲ್ಲಿ ಹಳ್ಳ ಸಂಜೆ, ರಾತ್ರಿ ಉಬ್ಬುತ್ತದೆ, ಬೆಳಗಿನ ಜಾವ ಇಳಿಯುತ್ತದೆ. ಹಳ್ಳ ದಾಟಿ ಚಾರಣ ಹೋಗುವವರು ಬೆಳಿಗ್ಗೆಯೇ ದಾಟಬೇಕು, ಸಂಜೆ ವಾಪಸ್ ಬರುವಾಗ ಅದೇ ಹಳ್ಳ ಬೇರೆಯದೇ ಆಗಿರುತ್ತದೆ ಅಂತ ನೆನಪಿಡಬೇಕು. ಚಿಕ್ಕ ಮಕ್ಕಳಿದ್ದರೆ ಮೇ ಕೊನೆ, ಜೂನ್ ಬಿಟ್ಟು ಆಗಸ್ಟ್ ಹೊತ್ತಿಗೆ ಹೋಗುವುದೇ ವಾಸಿ. ಆಗ ನೀರು ತಗ್ಗಿರುತ್ತದೆ, ಸೊಳ್ಳೆಯೂ ಕಡಿಮೆ. ಮಧ್ಯಾಹ್ನ ಒಮ್ಮೊಮ್ಮೆ ಗುಡುಗು ಸಿಡಿಲು ಬರುತ್ತದೆ. ಎತ್ತರದ ಬಯಲು ಜಾಗಗಳಿಂದ ಅಷ್ಟರೊಳಗೆ ಇಳಿದುಬಿಡಿ.

ಅಡುಗೆಗೆ ಚಿಕ್ಕ ಪ್ರೆಷರ್ ಕುಕ್ಕರ್ ತನ್ನಿ ಅಂತ ಒತ್ತಿ ಹೇಳುತ್ತೇನೆ. 9,000 ಅಡಿಯಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗೇ ಇರುತ್ತದೆ, ಗ್ಯಾಸ್ ಖಾಲಿಯಾಗುವುದಷ್ಟೇ. ಕುಕ್ಕರಿನಲ್ಲಿ ಮನೆಗಿಂತ ಒಂದೆರಡು ಸೀಟಿ ಜಾಸ್ತಿ ಕೂಗಿಸಿದರೆ ಸಾಕು. ಅಕ್ಕಪಕ್ಕದ ಸೈಟಿನವರಿಗೆ ಮಾತ್ರ ಮೊದಲೇ ಹೇಳಿ, ಸೀಟಿ ಕೇಳಿ ಗಾಬರಿಯಾಗುತ್ತಾರೆ.

ಇಲ್ಲಿ ಕಪ್ಪು ಕರಡಿಗಳಿವೆ. ಅವುಗಳ ಮೂಗು ನಮ್ಮ ಲೆಕ್ಕಕ್ಕೆ ಸಿಗದಷ್ಟು ಚುರುಕು. ಈ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ದಪ್ಪ ಕಬ್ಬಿಣದ ಪೆಟ್ಟಿಗೆಗಳಿರುತ್ತವೆ. ಅದರ ಚಿಲಕ ಒಳಗೆ ಮರೆಯಾಗಿರುತ್ತದೆ, ಸಂದಿಯೊಳಗೆ ಬೆರಳು ತೂರಿಸಿ ಎತ್ತಬೇಕು. ಕರಡಿಯ ಪಂಜ ಆ ಸಂದಿಗೆ ಹೋಗುವುದಿಲ್ಲ. ಊಟದ ಸಾಮಾನು ಮಾತ್ರ ಅಲ್ಲ, ಟೂತ್‌ಪೇಸ್ಟ್, ಸೋಪು, ತೊಳೆಯದ ಪಾತ್ರೆ, ಕಸ ಎಲ್ಲವೂ ಅದರೊಳಗೇ. ಪೆಟ್ಟಿಗೆ ಎಷ್ಟು ದೊಡ್ಡದಿದೆ ಅಂತ ಮೊದಲೇ ನೋಡಿ ಕೂಲರ್ ಆರಿಸಿಕೊಳ್ಳಿ. ಒಮ್ಮೆ ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗಿ ಬರುತ್ತದೆ. ಚಿಲಕ ಹಾಕಲು ನಮಗೆ ಹಿಡಿಯುವುದು ಎರಡು ಸೆಕೆಂಡು.

ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಅನ್ನುವ ರೋಗಾಣು ಇರಬಹುದು. 6,500 ಅಡಿ ದಾಟಿದ ಜಾಗದಲ್ಲಿ 3 ನಿಮಿಷ ಕುದಿಸಬೇಕು, ಇಲ್ಲವೇ ಫಿಲ್ಟರ್ ಬಳಸಿ. ಹಳ್ಳದಲ್ಲಿ ಪಾತ್ರೆ ತೊಳೆಯುವುದು, ಸೋಪು ಹಾಕಿ ಮುಖ ತೊಳೆಯುವುದು ದಯವಿಟ್ಟು ಬೇಡ. 200 ಅಡಿ ದೂರಕ್ಕೆ ನೀರು ಹೊತ್ತೊಯ್ದು ತೊಳೆಯಿರಿ. ಈ ಹಳ್ಳಗಳು ಈಗಾಗಲೇ ಬಹಳ ಅನುಭವಿಸಿವೆ. 1941ರಲ್ಲಿ ಲಾಸ್ ಏಂಜಲೀಸ್ ನಗರ ಲೀ ವೈನಿಂಗ್ ಕ್ರೀಕಿನ ನೀರನ್ನು ತಿರುಗಿಸಿಕೊಂಡ ಮೇಲೆ ಅದರ ಕೆಳಭಾಗ ಒಣಗಿಹೋಗಿತ್ತು. ಆ ಹಳ್ಳ ಹೋಗಿ ಸೇರುವ ಮೋನೊ ಸರೋವರವೂ ಕುಗ್ಗುತ್ತಾ ಹೋಯಿತು. ಜನ ಕೋರ್ಟಿಗೆ ಹೋಗಿ ಹೋರಾಡಿದ್ದರಿಂದ 1994ರಲ್ಲಿ ರಾಜ್ಯದ ಜಲಮಂಡಳಿ ಸರೋವರಕ್ಕೂ ಹಳ್ಳಗಳಿಗೂ ನೀರು ಬಿಡಬೇಕು ಅಂತ ಆದೇಶ ಕೊಟ್ಟಿತು. ಇವತ್ತು ಆ ಹಳ್ಳದ ಪಕ್ಕ ಟೆಂಟ್ ಹಾಕುವವರು ಇದನ್ನು ತಿಳಿದಿರಬೇಕು ಅಂತ ನನ್ನ ಆಸೆ.

ಗದ್ದಲ ಬೇಡ ಅಂದರೆ ವಾರದ ನಡುವೆ ಹೋಗಿ. ಶುಕ್ರವಾರ ಸಂಜೆ ಬಂದವರಿಗೆ ಬೇರೆಯೇ ಕಣಿವೆ ಕಾಣುತ್ತದೆ. ಏಪ್ರಿಲ್ ಕೊನೆಯ ಶನಿವಾರ ಟ್ರೌಟ್ ಮೀನು ಹಿಡಿಯುವವರ ಸೀಸನ್ ಶುರುವಾಗುತ್ತದೆ, ಆ ವಾರ ತೆರೆದಿರುವ ಜಾಗವೆಲ್ಲ ಭರ್ತಿ. ಈಸ್ಟ್ ಫೋರ್ಕ್ ದೊಡ್ಡದು, ನೂರಕ್ಕೂ ಹೆಚ್ಚು ಸೈಟ್‌ಗಳು. ಅದೇ ರಸ್ತೆಯಲ್ಲಿರುವ ಐರಿಸ್ ಮೆಡೋ, ಪ್ಯಾಲಿಸೇಡ್ ತೀರಾ ಚಿಕ್ಕವು. ದೊಡ್ಡ ಆರ್‌ವಿಗಳು (ಒಳಗೇ ವಾಸಿಸುವ ಮನೆಯಂಥ ಗಾಡಿಗಳು) ತಿರುಗಲು ಕಷ್ಟಪಡುವ ಜಾಗದಲ್ಲಿ ಜನರೇಟರ್ ಸದ್ದೂ ಕಡಿಮೆ. ಬಿಷಪ್‌ನಿಂದ 168ನೇ ರಸ್ತೆಯಲ್ಲಿ ಲೇಕ್ ಸಬ್ರೈನಾ ಕಡೆ ಹೋದರೂ, ಬಿಗ್ ಪೈನ್‌ನಿಂದ ಗ್ಲೇಸಿಯರ್ ಲಾಡ್ಜ್ ರಸ್ತೆ ಹಿಡಿದರೂ ಇಂಥವೇ ಚಿಕ್ಕ ಜಾಗಗಳು ಸಿಗುತ್ತವೆ.

ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಹೆಚ್ಚಾಗಿ 6 ತಿಂಗಳು ಮೊದಲೇ ತೆರೆಯುತ್ತದೆ. ಕೆಲವು ಮೊದಲು ಬಂದವರಿಗೆ ಮೊದಲು. ಅಂಥ ಕಡೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋದರೆ ಖಾಲಿ ಮಾಡುವವರ ಜಾಗ ಸಿಗುವ ಸಾಧ್ಯತೆ ಜಾಸ್ತಿ. ನಮ್ಮವರಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ವಿಷಯ: ಅಪ್ಪ ಅಮ್ಮನಿಗೆ 62 ದಾಟಿ, ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ 80 ಡಾಲರಿಗೆ ಜೀವಮಾನದ ಸೀನಿಯರ್ ಪಾಸ್ ಸಿಗುತ್ತದೆ. ಇಂಥ ಬಹಳಷ್ಟು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅದಕ್ಕೆ ಅರ್ಧ ಬಾಡಿಗೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದು ಸಿಗುವುದಿಲ್ಲ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಹಳ್ಳದ ದಂಡೆಯ ಆಸ್ಪೆನ್ ಮರಗಳು ಹಳದಿಯಾಗುತ್ತವೆ. ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ ಸಣ್ಣ ಗಾಳಿಗೂ ಮರವಿಡೀ ನಡುಗುತ್ತದೆ. ಚೆಂದ ನೋಡಬೇಕು ಅಂದರೆ ಇದೇ ಕಾಲ, ಆದರೆ ಮೇಲಿನ ಕ್ಯಾಂಪ್‌ಗ್ರೌಂಡ್‌ಗಳು ಅಷ್ಟರಲ್ಲಿ ಒಂದೊಂದಾಗಿ ಮುಚ್ಚುತ್ತಿರುತ್ತವೆ, ನಲ್ಲಿ ನೀರೂ ನಿಲ್ಲಿಸಿರುತ್ತಾರೆ. ಬೇ ಏರಿಯಾ ಕಡೆಯಿಂದ ಬರುವವರಿಗೆ ಬೆಟ್ಟಸಾಲು ದಾಟಿಸುವ ಟಿಯೋಗಾ ಪಾಸ್ ರಸ್ತೆ ಹಿಮ ಬಿದ್ದರೆ ಬಂದ್. ಬೆಂಕಿ ಹಾಕುವುದಕ್ಕೂ ಅಷ್ಟೇ, ಒಣ ಕಾಲದಲ್ಲಿ ನಿರ್ಬಂಧ ಬದಲಾಗುತ್ತಲೇ ಇರುತ್ತದೆ. ಸೌದೆಯನ್ನು ಮನೆಯಿಂದ ತರಬೇಡಿ, ಅದರೊಳಗಿನ ಹುಳು ಕಾಡಿಗೆ ಹರಡುತ್ತದೆ, ಅಲ್ಲೇ ಕೊಳ್ಳಿ. ಹೊರಡುವ ಹಿಂದಿನ ದಿನ ಫಾರೆಸ್ಟ್ ಕಚೇರಿಗೆ ಫೋನ್ ಮಾಡಿ ರಸ್ತೆ, ನೀರು, ಬೆಂಕಿ ಈ ಮೂರನ್ನೂ ಕೇಳಿಕೊಳ್ಳಿ. ಮೇಲೆ ಹೋದಮೇಲೆ ಫೋನಿಗೆ ಸಿಗ್ನಲ್ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ.